ತಲಕಾಡಲ್ಲಿ ದೆವ್ವ ಇದ್ಯಾ? ಅಲಮೇಲಮ್ಮನ ಶಾಪ ಮತ್ತು ನದಿಯ ಒಂದು ತಿರುವು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಲೈಟ್ ಆರಿಸಿ, ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಈ ಸಂಚಿಕೆಯಲ್ಲಿ ಯಾರೂ ಇದ್ದಕ್ಕಿದ್ದಂಗೆ ಕಿರುಚಲ್ಲ. ಬಾಗಿಲು ಕಿರ್ ಅನ್ನೋ ಸದ್ದನ್ನೂ ಹಾಕಿಲ್ಲ. ಒಂದೇ ಒಂದು ನಿಜವಾದ ಸದ್ದು ಇದೆ, ಅದನ್ನ ಆಮೇಲೆ ಹೇಳ್ತೀನಿ.

ಪ್ರತಿ ವರ್ಷ ಅಕ್ಟೋಬರ್ 31 ಹತ್ತಿರ ಬಂದಂಗೆ ನನ್ನ ಫೋನ್ ತುಂಬ ಹ್ಯಾಲೊವೀನ್. ಬೆಂಗಳೂರಿನ ಪಾರ್ಟಿ ಪೋಸ್ಟರು, ಮುಖಕ್ಕೆ ಕೆಂಪು ಬಣ್ಣ ಬಳ್ಕೊಂಡಿರೋ ಫ್ರೆಂಡ್ಸು. ಜೊತೆಗೆ ಒಂದು ಪ್ರಶ್ನೆ ಯಾವಾಗ್ಲೂ ಬರುತ್ತೆ: "ನಿಮ್ಮ ನಂಜನಗೂಡು ಕಡೆ ಹಾಂಟೆಡ್ ಜಾಗ ಯಾವ್ದಾದ್ರೂ ಇದ್ಯಾ?" ಈ ಪ್ರಶ್ನೆ ನನ್ನನ್ನೇ ಯಾಕೆ ಕೇಳ್ತಾರೆ ಅಂದ್ರೆ ನನಗೆ ಆ ಹುಚ್ಚು ಇದೆ ಅಂತ ಎಲ್ರಿಗೂ ಗೊತ್ತು. ಚಿಕ್ಕಂದಿನಿಂದ್ಲೂ ಅಷ್ಟೆ. ಬೀಗ ಹಾಕಿದ ಮನೆ, ಚಾವಣಿ ಬಿದ್ದ ಮಂಟಪ, ಯಾರೂ ಹತ್ತದ ಮೆಟ್ಟಿಲು ಕಂಡ್ರೆ ನನ್ನ ಕಾಲು ತಾನಾಗೇ ನಿಲ್ಲುತ್ತೆ. ದೆವ್ವ ನಂಬ್ತೀಯಾ ಅಂತ ಕೇಳಿದ್ರೆ ಇಲ್ಲ. ಹಂಗಾದ್ರೆ ರಾತ್ರಿ ಹೋಗಕ್ಕೆ ಭಯ ಆಗಲ್ವಾ ಅಂದ್ರೆ, ಆಗುತ್ತೆ. ಎರಡೂ ನಿಜ.

ನಮ್ಮೂರಲ್ಲಿ ಇಂಥ ಹುಚ್ಚಿಗೆ ಮೊದಲ ಜಾಗ ಅಂದ್ರೆ ಕಪಿಲೆ ಮೇಲಿನ ಹಳೇ ಸೇತುವೆ. ಮ್ಯಾಪಲ್ಲಿ ಕಬಿನಿ ಅಂತ ಇರುತ್ತೆ, ನಮ್ಮೋರ ಬಾಯಲ್ಲಿ ಕಪಿಲೆ. 1735ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆ ಅದು. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ಅಂದ್ರೆ ರೈಲಿಗಿಂತ 118 ವರ್ಷ ಮೊದಲೇ ಕಟ್ಟಿದ್ದು. ಆಮೇಲೆ ಅದರ ಮೇಲೇ ಮೀಟರ್‌ಗೇಜ್ ಹಳಿ ಹಾಸಿದ್ರು. ಒಂದು ಬದಿ ರೈಲು, ಇನ್ನೊಂದು ಬದಿ ಎತ್ತಿನಗಾಡಿ, ಬಸ್ಸು, ಜನ. ದೇಶದ ಅತಿ ಹಳೆಯ ರೈಲು ಸೇತುವೆ ಅಂತ ಅದಕ್ಕೆ ಹೆಸರು ಬಂದಿದ್ದು ಹೀಗೆ. ಬ್ರಾಡ್‌ಗೇಜ್ ಕೆಲಸ ಆದ್ಮೇಲೆ ರೈಲು ಪಕ್ಕದ ಹೊಸ ಸೇತುವೆಗೆ ಹೋಯ್ತು, ಹಳೇದು ಹಂಗೇ ನಿಂತಿದೆ.

ಕಳೆದ ಸಲ ಹ್ಯಾಲೊವೀನ್‌ಗೆ ಅಂತ ನಾನೂ ನನ್ನ ಫ್ರೆಂಡೂ ರಾತ್ರಿ ಹನ್ನೊಂದರ ಮೇಲೆ ಅಲ್ಲಿಗೆ ಹೋಗಿದ್ವಿ. ಸೇತುವೆಯ ತುದಿಯಲ್ಲಿ ಕೂತು, ಫೋನಲ್ಲಿ ರೆಕಾರ್ಡರ್ ಆನ್ ಮಾಡಿ, ಪಿಸುಮಾತಲ್ಲಿ ಏನೋ ಹೇಳ್ಕೊಳ್ತಾ ಇದ್ವಿ. ಹತ್ತು ನಿಮಿಷ ಆಗಿರಬಹುದು. ಕೆಳಗಿನ ಕಮಾನಿನ ಒಳಗಿಂದ "ತಪ್" ಅಂತು. ಸುಮ್ಮನಾದ್ವಿ. ಮತ್ತೆ "ತಪ್... ತಪ್". ಒದ್ದೆ ಅಂಗೈಯಲ್ಲಿ ಯಾರೋ ಕಲ್ಲಿಗೆ ಹೊಡೆದಂಗೆ. ಫ್ರೆಂಡ್ ನನ್ನ ಮೊಣಕೈ ಹಿಡ್ಕೊಂಡಿದ್ದ, ಬೆರಳಿನ ಗುರುತು ಮೂಡೋ ಹಂಗೆ. ಆಮೇಲೆ ಕೆಳಗಿಂದ ಒಂದು ದನಿ ಬಂತು:

"ಯಾರ್ಲಾ ಅದು ಮ್ಯಾಲೆ?"

"ನಾವು ಕಣಣ್ಣ, ಆಡಿಯೋ ರೆಕಾರ್ಡ್ ಮಾಡ್ತಾ ಇದ್ವಿ."

"ಥೂ ನಿಮ್ಮ! ಎದೆ ಒಡ್ದೋಯ್ತಲ್ಲ ನಂದು. ಒತ್ತಲ್ಲದ ಒತ್ತಲ್ಲಿ ಮ್ಯಾಲಿಂದ ಪಿಸುಪಿಸು ಅಂದ್ರೆ ಏನು ಅಂತ ತಿಳ್ಕಬೇಕು?"

ಬಲೆ ಬಿಟ್ಟು, ಮೀನನ್ನ ಬಲೆ ಕಡೆ ಓಡಿಸೋಕೆ ನೀರಿಗೆ ಹೊಡೀತಿದ್ದ ತೆಪ್ಪದ ಅಣ್ಣ. ನಮಗೆ ಅವನು ದೆವ್ವ, ಅವನಿಗೆ ನಾವು.

(ಇಲ್ಲಿ ಆ ರಾತ್ರಿಯ ರೆಕಾರ್ಡಿಂಗ್: ನೀರಿಗೆ ಹೊಡೆಯುವ ಸದ್ದು, 12 ಸೆಕೆಂಡ್.)

ಈಗ ಕೇಳಿದ್ರೆ ಇದರಲ್ಲಿ ಏನೂ ಇಲ್ಲ ಅಲ್ವಾ? ನಾನು "ಒದ್ದೆ ಅಂಗೈ" ಅಂತ ಮೊದಲೇ ಹೇಳದೇ ಇದ್ದಿದ್ರೆ ನಿಮಗೆ ಹಂಗೆ ಕೇಳಿಸ್ತಾನೂ ಇರಲಿಲ್ಲ. ಇದರ ಬಗ್ಗೆ ಚೆನ್ನಾಗಿರೋ ಒಂದು ಕತೆ ಇದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಅಂತ ಒಬ್ಬ ಎಂಜಿನಿಯರ್. ಲ್ಯಾಬಲ್ಲಿ ರಾತ್ರಿ ಒಬ್ಬನೇ ಕೆಲಸ ಮಾಡ್ತಿದ್ದಾಗ ಬೆವರು, ನಡುಕ, ಪಕ್ಕದಲ್ಲಿ ಬೂದು ಬಣ್ಣದ ಯಾರೋ ನಿಂತಂಗೆ. ಮಾರನೇ ದಿನ ಫೆನ್ಸಿಂಗ್ ಕತ್ತಿಯ ಅಲಗನ್ನ ವೈಸ್‌ಗೆ ಸಿಕ್ಕಿಸಿದ್ದಾನೆ. ಅದು ತಾನಾಗೇ ಅದುರೋಕೆ ಶುರು. ಹುಡುಕಿದ್ರೆ ಹೊಸದಾಗಿ ಹಾಕಿದ್ದ ಎಕ್ಸಾಸ್ಟ್ ಫ್ಯಾನ್. ಅದರಿಂದ ಸೆಕೆಂಡಿಗೆ ಸುಮಾರು 19 ಸಲ ಕಂಪಿಸೋ ಸದ್ದಿನ ಅಲೆ ಬರ್ತಿತ್ತು. ನಮ್ಮ ಕಿವಿಗೆ ಕೇಳೋದು 20ರಿಂದ ಮೇಲೆ. ಅಂದ್ರೆ ಕಿವಿಗೆ ಕೇಳಿಸದ, ಮೈಗೆ ಮಾತ್ರ ತಟ್ಟೋ ಸದ್ದು ಅಂತ 1998ರಲ್ಲಿ ಬರೆದ. ಯೂಟ್ಯೂಬ್‌ನ ಎಷ್ಟೋ ಚಾನೆಲ್‌ಗಳು ಕತೆಯನ್ನ ಇಲ್ಲಿಗೇ ನಿಲ್ಲಿಸ್ತವೆ, "ದೆವ್ವಕ್ಕೆ ವೈಜ್ಞಾನಿಕ ಕಾರಣ ಸಿಕ್ತು!" ಅಂತ. ಆದರೆ ಆಮೇಲೆ ಲಂಡನ್ನಿನ ಸಂಶೋಧಕರು ಬೇಕಂತಲೇ ಒಂದು "ದೆವ್ವದ ಕೋಣೆ" ಕಟ್ಟಿ, ಇಂಥ ಸದ್ದು ಮತ್ತು ವಿದ್ಯುತ್ಕಾಂತೀಯ ಅಲೆ ಎರಡನ್ನೂ ಆನ್-ಆಫ್ ಮಾಡಿ ಜನರನ್ನ ಒಳಗೆ ಬಿಟ್ರು. ಬಹಳ ಜನಕ್ಕೆ ವಿಚಿತ್ರ ಅನುಭವ ಆಯ್ತು. ಆದ್ರೆ ಯಂತ್ರ ಆನ್ ಇತ್ತಾ ಆಫ್ ಇತ್ತಾ ಅನ್ನೋದಕ್ಕೂ ಅದಕ್ಕೂ ಸಂಬಂಧ ಸಿಗಲಿಲ್ಲ. ಒಳಗೆ ಏನೋ ಆಗಬಹುದು ಅಂತ ಮೊದಲೇ ಹೇಳಿ ಕಳಿಸಿದ್ರಲ್ಲ, ಅದೇ ಸಾಕಾಗಿತ್ತು ಅನ್ನೋದು ಅವರ ಅನುಮಾನ. ಅಂದ್ರೆ ಕತೆ ಮೊದಲು, ಭಯ ಆಮೇಲೆ.

ಹಾಗಾಗಿ ನನಗೆ ಆಸಕ್ತಿ ಇರೋದು ದೆವ್ವ ಇದ್ಯಾ ಇಲ್ವಾ ಅನ್ನೋದರಲ್ಲಲ್ಲ. ಒಂದು ಜಾಗಕ್ಕೆ ಆ ಕತೆ ಯಾಕೆ ಅಂಟ್ಕೊಳ್ತು ಅನ್ನೋದರಲ್ಲಿ.

ಹ್ಯಾಲೊವೀನ್ ಕತೆಯನ್ನ ಬೇಗ ಮುಗಿಸ್ತೀನಿ. ಐರ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗೋ ಹೊತ್ತಿಗೆ ಒಂದು ಹಳೇ ಹಬ್ಬ ಇತ್ತು, ಸತ್ತವರಿಗೂ ಇದ್ದವರಿಗೂ ನಡುವಿನ ಗೋಡೆ ಆವತ್ತು ತೆಳ್ಳಗಾಗುತ್ತೆ ಅನ್ನೋ ನಂಬಿಕೆ. ಕ್ರೈಸ್ತರು ನವೆಂಬರ್ 1ನ್ನ ಎಲ್ಲ ಸಂತರ ದಿನ ಮಾಡಿದ್ರು, ಅದರ ಹಿಂದಿನ ಸಂಜೆಯೇ ಹ್ಯಾಲೊವೀನ್. ಐರಿಷ್ ಜನ ಗಡ್ಡೆಗೆ ಮುಖ ಕೊರೀತಿದ್ರು, ಅಮೆರಿಕಕ್ಕೆ ಹೋದ್ಮೇಲೆ ಕುಂಬಳಕಾಯಿ ಸಿಕ್ತು. ನಮಗೆ ಇದೆಲ್ಲ ಹೊಸದಾ? ಹೊಸ ಮನೆಗೆ ಕಟ್ಟೋ ಬೂದುಗುಂಬಳಕಾಯಿಗೆ ಮೀಸೆ, ಕೋರೆಹಲ್ಲು ಬರೆಯೋದು ಯಾಕೆ? ಇನ್ನು ಪಿತೃಪಕ್ಷ. ನಮ್ಮ ಕಡೆ ಹಿರಿಯರ ಹಬ್ಬ ಅಂತೀವಿ. ಅಜ್ಜಿ ನಮ್ಮ ತಾತನಿಗೆ ಎಡೆ ಇಡ್ತಾರೆ: ಹೊಸ ಪಂಚೆ, ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳ್ಕೊಂಡು ಜಗಲಿ ಮೇಲೆ ಕೂರ್ತೀವಿ, ತಾತ ನೆಮ್ಮದಿಯಾಗಿ ಉಣ್ಣಲಿ ಅಂತ. ಸತ್ತವರು ಮನೆಗೆ ಬರೋ ದಿನ ನಮಗೆ ಭಯದ ದಿನವೇ ಅಲ್ಲ. ಬಾಡೂಟದ ದಿನ.

ಭಯ ಪಡಿಸೋದು ಬೇರೆ ಥರದ ಸತ್ತವರು. ಉಂಡು ಹೋಗೋರಲ್ಲ, ಲೆಕ್ಕ ಬಾಕಿ ಇರೋರು. 1990ರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರು. ರಾತ್ರಿ ಗುರುತಿರೋರ ದನಿಯಲ್ಲಿ ಕೂಗೋ ಹೆಣ್ಣು ದೆವ್ವ ಅದನ್ನ ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಓದುತ್ತೆ. ಕನ್ನಡ ಓದೋಕೆ ಬರೋ, ಬರೆದಿದ್ದನ್ನ ಪಾಲಿಸೋ ದೆವ್ವ. ಸರ್ಕಾರಿ ಕಚೇರಿಗೆ ಅಲೆದೋರಿಗೆ ಈ ತಂತ್ರ ಚೆನ್ನಾಗಿ ಗೊತ್ತು. 2018ರ ಹಿಂದಿ ಸಿನಿಮಾ 'ಸ್ತ್ರೀ' ಇದೇ ಎಳೆ ಹಿಡ್ಕೊಂಡು ಬಂದಿದ್ದು. ಗಮನಿಸಿ, ನಮ್ಮ ದೆವ್ವಗಳಲ್ಲಿ ಹೆಂಗಸರೇ ಹೆಚ್ಚು. ಬದುಕಿದ್ದಾಗ ಯಾರೂ ಕೇಳಿಸ್ಕೊಳ್ಳದ ಮಾತನ್ನ ಸತ್ತಮೇಲೆ ಊರಿಗೆ ಊರೇ ಕೇಳಿಸ್ಕೊಳ್ಳೋ ಹಂಗೆ ಹೇಳೋರು ಅವರು.

ನಮ್ಮ ಸೀಮೆಯ ಅತಿ ದೊಡ್ಡ ಕತೆಯೂ ಅಂಥ ಒಬ್ಬ ಹೆಂಗಸಿನದು. ಅದಕ್ಕೆ ನಂಜನಗೂಡಿನಿಂದ ನೀರಿನ ಜೊತೆಗೇ ಹೋಗೋಣ. ಹಳೇ ಸೇತುವೆಯ ಕಮಾನು ದಾಟಿದ ಕಪಿಲೆ ತಿ. ನರಸೀಪುರಕ್ಕೆ ಹೋಗಿ, ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರ ಕಾವೇರಿ ಸೇರುತ್ತೆ. ಮೂರು ವರ್ಷಕ್ಕೊಮ್ಮೆ ಕುಂಭಮೇಳ ಆಗುತ್ತಲ್ಲ, ಅದೇ ಸಂಗಮ. ಎರಡೂ ನದಿಯ ನೀರು, ಎರಡೂ ನದಿಯ ಮರಳು ಒಂದಾಗಿ ಅಲ್ಲಿಂದ ಕೆಳಗೆ ಹೋಗಿ, ಇದೇ ತಾಲ್ಲೂಕಿನ ಒಂದು ಊರಿನ ಹತ್ತಿರ ನದಿ ಗಕ್ಕನೆ ತಿರುಗುತ್ತೆ. ಆ ಊರು ತಲಕಾಡು.

ತಲಕಾಡು ಸುಮ್ಮನೆ ಊರಲ್ಲ. ಗಂಗರ ರಾಜಧಾನಿ. ಆಮೇಲೆ ಚೋಳರು ಗೆದ್ದು ರಾಜರಾಜಪುರ ಅಂತ ಹೆಸರಿಟ್ರು. ಅವರನ್ನ ಸೋಲಿಸಿದ ಹೊಯ್ಸಳ ವಿಷ್ಣುವರ್ಧನ 'ತಲಕಾಡುಗೊಂಡ' ಅನ್ನೋ ಬಿರುದು ಇಟ್ಕೊಂಡು, 1117ರಲ್ಲಿ ಕೀರ್ತಿನಾರಾಯಣ ದೇವಸ್ಥಾನ ಕಟ್ಟಿಸಿದ. ಅಂಥ ಊರು ಮರಳಿನ ಕೆಳಗೆ ಹೋಯ್ತು. ಬ್ರಿಟಿಷರ ಕಾಲದ ಗೆಜೆಟಿಯರ್ ತೆಗೆದು ನೋಡಿ, ಓದ್ತಾ ಇದ್ರೆ ಮೈ ಜುಂ ಅನ್ನುತ್ತೆ. ಸುಮಾರು ಒಂದು ಮೈಲಿ ಉದ್ದದ ಮರಳು ಗುಡ್ಡದ ಕೆಳಗೆ ಹಳೇ ಊರು, ಮೂವತ್ತಕ್ಕೂ ಹೆಚ್ಚು ದೇವಸ್ಥಾನ. ಮರಳು ವರ್ಷಕ್ಕೆ 9-10 ಅಡಿ ಮುಂದಕ್ಕೆ ಬರ್ತಿತ್ತು, ಅದರಲ್ಲೂ ಮುಂಗಾರಿನ ಗಾಳಿ ಕಾಲದಲ್ಲಿ. ಮೂರು ಕಡೆಯಿಂದ ಒತ್ತಿ ಬಂದಂಗೆಲ್ಲ ಜನ ಮನೆ ಬಿಟ್ಟು ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗ್ತಿದ್ರು ಅಂತ ಅದರಲ್ಲಿದೆ.

ಇದನ್ನ ಸ್ವಲ್ಪ ಕಲ್ಪಿಸ್ಕೊಳ್ಳಿ. ಭೂಕಂಪ, ಪ್ರವಾಹ ಬಂದ್ರೆ ಒಂದೇ ದಿನ. ಇದು ಹಂಗಲ್ಲ. ಈ ವರ್ಷ ಹಿತ್ತಲಿನ ಗೋಡೆಯ ತನಕ ಮರಳು. ಮುಂದಿನ ವರ್ಷ ಅಡುಗೆಮನೆ ಬಾಗಿಲು ತೆಗೆಯಕ್ಕಾಗಲ್ಲ. ಅದರ ಮುಂದಿನ ವರ್ಷ ಮನೆಯೇ ಬಿಡಬೇಕು. ಯಾರ ಮೇಲೆ ಕೋಪ ಮಾಡ್ಕೊಳ್ಳೋದು?

ಅಲ್ಲಿಗೆ ಅಲಮೇಲಮ್ಮ ಬರ್ತಾಳೆ. ಕತೆ ಬಹಳ ಜನಕ್ಕೆ ಗೊತ್ತು, ಆದ್ರೂ ಹೇಳ್ತೀನಿ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲರಾಜ. ಅವನಿಗೆ ಬೆನ್ನುಫಣಿ ಹುಣ್ಣು, ವಾಸಿಯಾಗಲಿ ಅಂತ ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಬರ್ತಾನೆ. ಹೆಂಡತಿ ಅಲಮೇಲಮ್ಮನೂ ಹಿಂದೆ ಬರ್ತಾಳೆ. ಗಂಡ ಸಾಯ್ತಾನೆ. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ಕೈಗೆ ಬರುತ್ತೆ, ಇಷ್ಟು ಇತಿಹಾಸ. ಮುಂದಿನದು ಜನರ ಬಾಯಲ್ಲಿರೋದು. ರಂಗನಾಯಕಿ ಅಮ್ಮನವರಿಗೆ ವಾರದ ಪೂಜೆಯಲ್ಲಿ ಹಾಕ್ತಿದ್ದ ಒಡವೆ ಅಲಮೇಲಮ್ಮನ ಹತ್ರ ಇತ್ತು. ಅವಳು ತಲಕಾಡಿನ ಎದುರು ದಡದ ಮಾಲಂಗಿಯಲ್ಲಿ ಇದ್ದಳು. ಒಡವೆ ತರೋಕೆ ಅರಸರು ಆಳು ಕಳಿಸಿದ್ರು. ಮುತ್ತಿನ ಮೂಗುತಿ ಮಾತ್ರ ಕೊಟ್ಟು, ಉಳಿದಿದ್ದನ್ನ ಸೆರಗಲ್ಲಿ ಕಟ್ಕೊಂಡು ಕಾವೇರಿಗೆ ಹಾರಿದ್ಲು. ಹಾರೋಕೆ ಮುಂಚೆ ಮೂರು ಶಾಪ ಹಾಕಿದ್ಲಂತೆ. ತಲಕಾಡನ್ನ ಮರಳು ಮುಚ್ಚಲಿ. ಮಾಲಂಗಿ ಹತ್ರ ನದಿ ಆಳವಾದ ಮಡು ಆಗಲಿ. ಮೈಸೂರು ಅರಸರಿಗೆ ಮಕ್ಕಳಾಗದಿರಲಿ.

ಮೊದಲ ಎರಡನ್ನ ಪಕ್ಕಪಕ್ಕ ಇಟ್ಟು ನೋಡಿ. ನನಗೆ ಇದು ಹೊಳೆದಿದ್ದು ಮ್ಯಾಪ್ ನೋಡ್ತಾ ಕೂತಿದ್ದಾಗ. ನಿಮ್ಮ ಫೋನಲ್ಲೇ ಸ್ಯಾಟಲೈಟ್ ಚಿತ್ರ ತೆಗೀರಿ. ಕಾವೇರಿ ಬಾಗಿ ಹೋಗುತ್ತೆ. ಬಾಗಿನ ಒಳದಡದಲ್ಲಿ ತಲಕಾಡು, ಹೊರದಡದ ಕಡೆ ಮಾಲಂಗಿ. ಯಾವ ನದಿಯೇ ಆಗ್ಲಿ, ತಿರುವಲ್ಲಿ ಹೊರಗಡೆ ನೀರು ಜೋರು, ಒಳಗಡೆ ನಿಧಾನ. ಬಸ್ಸು ತಿರುವಲ್ಲಿ ಹೋದಾಗ ನಾವೆಲ್ಲ ಹೊರಗಡೆಗೆ ವಾಲ್ತೀವಲ್ಲ, ನೀರೂ ಹಂಗೇ ಹೊರದಡಕ್ಕೆ ಒತ್ತುತ್ತೆ. ಅಲ್ಲಿ ಕೊರೆದು ಕೊರೆದು ಮಡು ಮಾಡುತ್ತೆ. ಒಳದಡದಲ್ಲಿ ನೀರಿಗೆ ಶಕ್ತಿ ಇಲ್ಲ, ಹೊತ್ತು ತಂದ ಮರಳನ್ನ ಅಲ್ಲೇ ಇಳಿಸುತ್ತೆ. ಒಂದು ದಡಕ್ಕೆ ಮರಳು, ಎದುರು ದಡಕ್ಕೆ ಮಡು. ಶಾಪದ ಎರಡು ಮಾತು ಬೇರೆ ಬೇರೆ ಅಲ್ಲ, ಒಂದೇ ತಿರುವಿನ ಎರಡು ಬದಿ. ಯಾರು ಮೊದಲು ಹೇಳಿದ್ರೋ, ಆ ನದಿಯನ್ನ ಬಹಳ ದಿನ ನೋಡಿದ್ದೋರು.

ಆದ್ರೆ ನದಿ ತಿರುಗೋ ಕಡೆ ಎಲ್ಲಾ ಊರು ಮುಳುಗಿಲ್ಲವಲ್ಲ? ಇಲ್ಲಿ ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಅವರ ಕೆಲಸ ಸಹಾಯಕ್ಕೆ ಬರುತ್ತೆ. 2007ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅವರು ಈ ಶಾಪವನ್ನೇ ವಿಷಯ ಮಾಡ್ಕೊಂಡು ಬರೆದ್ರು. ಅವರ ವಾದದ ಸಾರ ಇಷ್ಟು. ತಲಕಾಡಿನ ಹತ್ತಿರ, ನದಿಯ ಮೇಲ್ಭಾಗದಲ್ಲಿ, ಹೆಮ್ಮಿಗೆ ಬಳಿ ವಿಜಯನಗರ ಕಾಲದ ಮಾಧವಮಂತ್ರಿ ಕಟ್ಟೆ ಇದೆ. ಗದ್ದೆಗೆ ನೀರು ತಿರುಗಿಸೋಕೆ ಕಟ್ಟಿದ್ದು, ಇವತ್ತಿಗೂ ನಾಲೆಯಲ್ಲಿ ನೀರು ಹರಿಯುತ್ತೆ. ಕಟ್ಟೆ ಬಂದ್ಮೇಲೆ ಕೆಳಗೆ ನೀರು ಕಡಿಮೆಯಾಯ್ತು. ತಿರುವಲ್ಲಿ ಬಿದ್ದಿದ್ದ ಮರಳು ನೀರಿಲ್ಲದೆ ಒಣಗಿ ಬಯಲಾಯ್ತು. ಒದ್ದೆ ಮರಳು ಅಲ್ಲಾಡಲ್ಲ. ಒಣ ಮರಳನ್ನ ಗಾಳಿ ಎತ್ತುತ್ತೆ, ಒಂದೊಂದು ಕಣವೂ ಹಾರಿ, ಬಿದ್ದು, ಇನ್ನೊಂದನ್ನ ಎಬ್ಬಿಸಿ, ಹಂಗೇ ಕುಪ್ಪಳಿಸ್ಕೊಂಡು ಹೋಗುತ್ತೆ. ನೈಋತ್ಯದ ಗಾಳಿ ಬೀಸೋದು ನದಿಯಿಂದ ಊರಿನ ಕಡೆಗೆ. ದಡದ ಮೇಲೆ ತಡೆಯೋ ಮರ ಇಲ್ಲ ಅಂದ್ರೆ ಮುಗೀತು.

ಮಾಧವಮಂತ್ರಿ 14ನೇ ಶತಮಾನದವನು. ಅಲಮೇಲಮ್ಮ 17ನೇ ಶತಮಾನದ ಶುರುವಿನವಳು. ಅಂದ್ರೆ ಈ ವಾದದ ಪ್ರಕಾರ ಶಾಪಕ್ಕೆ ಸುಮಾರು ಎರಡೂವರೆ ಶತಮಾನ ಮೊದಲೇ ಮರಳಿಗೆ ದಾರಿ ಮಾಡಿಕೊಟ್ಟಾಗಿತ್ತು. ತುಂಬ ನಿಧಾನಕ್ಕೆ ಆದ ಘಟನೆಗೆ ಜನ ಒಂದು ದಿನಾಂಕ ಕೊಟ್ರು, ಒಂದು ಮುಖ ಕೊಟ್ರು. ಕಟ್ಟೆ ಕಟ್ಟಿ ನೀರು ತಿರುಗಿಸಿದ್ದು ಯಾರಿಗೂ ನೆನಪಿಲ್ಲ. ಮನೆ ಕಳ್ಕೊಂಡ ನೋವು ಮಾತ್ರ ಉಳೀತು. ಅದನ್ನ ಹೊರೋಕೆ, ಎಲ್ಲ ಕಳ್ಕೊಂಡ ಒಬ್ಬ ವಿಧವೆಗಿಂತ ಸರಿಯಾದೋರು ಬೇರೆ ಯಾರು?

ನನಗೆ ಈ ವಿವರಣೆ ಬಹಳ ಇಷ್ಟ. ಪಿಯುಸಿ ಓದೋವಾಗ ಗೊತ್ತಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.

ನಮ್ಮ ಕ್ಲಾಸಲ್ಲಿ ಒಬ್ಬ ಇದ್ದ. ಹೆಸರು ಹೇಳಲ್ಲ. ಪರೀಕ್ಷೆ ಮುಗಿದ ಭಾನುವಾರ ಐದು ಜನ ತಲಕಾಡಿಗೆ ಹೋಗಿದ್ರು. ನಾನು ಹೋಗಿರಲಿಲ್ಲ, ಮನೇಲಿ ಬಿಡಲಿಲ್ಲ. ಮರಳ ದಂಡೆ, ಮೊಣಕಾಲುದ್ದ ನೀರು, ನೋಡಿದ್ರೆ ಸಮುದ್ರದ ಬೀಚ್ ಥರ. ಚೆಂಡು ಆಡ್ತಾ ಇದ್ರಂತೆ. ಚೆಂಡು ಸ್ವಲ್ಪ ಆ ಕಡೆ ಹೋಯ್ತು, ಇವನು ನಾಲ್ಕು ಹೆಜ್ಜೆ ಹೋದ. ಐದನೇ ಹೆಜ್ಜೆಗೆ ನೆಲ ಇರಲಿಲ್ಲ. ಅವನಿಗೆ ಈಜು ಬರ್ತಿತ್ತು, ನಮ್ಮೂರ ಕಪಿಲೆಯಲ್ಲೇ ಕಲ್ತಿದ್ದು. ಸಿಕ್ಕಿದ್ದು ಮಾರನೇ ದಿನ ಮಧ್ಯಾಹ್ನ.

ಸುದ್ದಿ ಬಂತು. ಸುದ್ದಿಯ ಕೆಳಗೆ ಕಾಮೆಂಟುಗಳು ಬಂದ್ವು. ಅಲಮೇಲಮ್ಮನ ಶಾಪ, ಕೈ ಮುಗಿಯೋ ಎಮೋಜಿ. ಅಲಮೇಲಮ್ಮ ಇನ್ನೊಂದು ಬಲಿ ತಗೊಂಡ್ಲು. ಅವನ ಅಮ್ಮ ಅದನ್ನ ಓದಿದ್ರು. ತಿಥಿ ದಿನ ನನ್ನ ಕೈ ಹಿಡ್ಕೊಂಡು ಕೇಳಿದ್ರು, "ನಮ್ಮ ಹುಡುಗ ಆಯಮ್ಮಂಗೇನ್ ಮಾಡಿದ್ದ?" ನನ್ನ ಹತ್ರ ಉತ್ತರ ಇರಲಿಲ್ಲ. ಒಳದಡ ಹೊರದಡ ಎಲ್ಲ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೂ ಅಲ್ಲಿ ಹೇಳೋಕಾಗ್ತಿತ್ತಾ, ತಿಳೀದು.

ಈಗ ಹೇಳ್ತೀನಿ. ಒಳದಡದ ಮರಳು ನಿಧಾನಕ್ಕೆ ಇಳಿಜಾರಾಗಿ ಹೋಗಿ, ಹರಿವು ಜೋರಿರೋ ಕಡೆ ತಟ್ಟನೆ ಮುರಿಯುತ್ತೆ. ಮೇಲಿಂದ ನೋಡಿದ್ರೆ ನೀರು ಒಂದೇ ಥರ ಇರುತ್ತೆ, ಗೊತ್ತಾಗಲ್ಲ. ಆ ಅಂಚಲ್ಲಿ ಕಾಲಿಟ್ರೆ ಕೆಳಗಿನ ಸಡಿಲ ಮರಳು ಜಾರುತ್ತೆ, ಹಿಂದಕ್ಕೆ ಹತ್ತೋಣ ಅಂದ್ರೆ ಕಾಲಿಗೆ ಆಸರೆ ಸಿಗಲ್ಲ, ಹತ್ತಿದಷ್ಟೂ ಕುಸಿಯುತ್ತೆ. ಮರಳು ತೆಗೆದ ಗುಂಡಿಗಳಿದ್ರೆ ಇನ್ನೂ ಕಷ್ಟ, ಅವು ಎಲ್ಲಿವೆ ಅಂತ ನದಿ ಬಲ್ಲೋರಿಗೂ ಗೊತ್ತಾಗಲ್ಲ. ಅದರ ಮೇಲೆ ಕೆ.ಆರ್.ಎಸ್.ನಲ್ಲೋ ಕಬಿನಿಯಲ್ಲೋ ಗೇಟ್ ತೆಗೆದ್ರೆ ಇಲ್ಲಿ ನೀರು ಏರುತ್ತೆ, ಇಲ್ಲಿ ಮಳೆ ಒಂದು ಹನಿ ಬಿದ್ದಿರದಿದ್ರೂ. ನಂಜನಗೂಡಲ್ಲಿ ನಾವು ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ ಅಂತ ನೋಡಿ ಅಂದಾಜು ಮಾಡ್ತೀವಿ. ಹೊರಗಿಂದ ಪಿಕ್ನಿಕ್ಕಿಗೆ ಬಂದೋರಿಗೆ ಅಂಥ ಗುರುತು ಯಾವುದೂ ಇಲ್ಲ.

ಇಷ್ಟು ಹೇಳಿದ್ಮೇಲೆ ಒಂದು ವಿಷಯ ಒಪ್ಕೊಬೇಕು. ನನ್ನನ್ನ ಆವತ್ತು ಮನೇಲಿ ಬಿಡಲಿಲ್ಲ ಅಂದೆನಲ್ಲ, ಬಿಡದೇ ಇದ್ದಿದ್ದು ಅಜ್ಜಿ. ಕಾರಣ ಮೀಟರು ಸೆಕೆಂಡು ಅಲ್ಲ, ಶಾಪ. "ಆಯಮ್ಮ ಇನ್ನೂ ಅಲ್ಲೇ ಅವ್ಳೆ ಕನ್ ಮಗ, ಓಗ್ಬ್ಯಾಡ." ಎಚ್ಚರಿಕೆ ಬೋರ್ಡ್ ಮುಂದೆ ನಿಂತು ಸೆಲ್ಫಿ ತಗೊಳ್ಳೋರನ್ನ ನೋಡಿದ್ದೀನಿ. ಅಜ್ಜಿಯ ಮಾತು ದಾಟೋಕೆ ನನಗೆ ಧೈರ್ಯ ಬರಲಿಲ್ಲ. ಹಾಗಾಗಿ ಶಾಪದ ಕತೆ ಸುಳ್ಳು, ಬಿಸಾಕಿ ಅಂತ ನನ್ನ ಬಾಯಲ್ಲಿ ಬರಲ್ಲ. ನದಿಯ ಗುಣವನ್ನ ನಾನೂರು ವರ್ಷ ಮನೆಮನೆಗೆ ತಲುಪಿಸಿದೆ ಆ ಕತೆ. ಅದೇ ಕತೆ, ಒಬ್ಬ ಹುಡುಗ ಸತ್ತ ದಿನ ಎಲ್ಲರ ಬಾಯನ್ನೂ ಮುಚ್ಚಿಸಿತು. ಶಾಪ ಅಂದ್ಮೇಲೆ ಮರಳು ಯಾರು ತೆಗೆದ್ರು, ಹಗ್ಗ ಯಾಕಿಲ್ಲ, ಕಾವಲು ಯಾಕಿಲ್ಲ ಅಂತ ಯಾರೂ ಕೇಳಲ್ಲ.

ಮೂರನೇ ಶಾಪ ಬಾಕಿ ಇದೆ. ಕಾಮೆಂಟಲ್ಲಿ ನೀವು ಕೇಳೇ ಕೇಳ್ತೀರಾ. ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನ ದತ್ತು ತಗೊಂಡ್ರು. ಚಾಮರಾಜೇಂದ್ರರಿಗೆ ಗಂಡುಮಕ್ಕಳಾದ್ರು. ಅವರ ಮಗ ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದ್ರು. ಅವರಿಗೆ ಶ್ರೀಕಂಠದತ್ತರು. ಶ್ರೀಕಂಠದತ್ತರಿಗೆ ಮಕ್ಕಳಿರಲಿಲ್ಲ, 2013ರ ಡಿಸೆಂಬರಲ್ಲಿ ತೀರಿಕೊಂಡ್ರು. 2015ರಲ್ಲಿ ಯದುವೀರರು ದತ್ತು ಬಂದ್ರು, 2017ರಲ್ಲಿ ಅವರಿಗೆ ಗಂಡುಮಗು ಆಯ್ತು. ಒಂದು ತಲೆಮಾರು ಬಿಟ್ಟು ಒಂದು ತಲೆಮಾರು ಅಂತ ಜನ ಹೇಳೋದು ಇದಕ್ಕೇ, ಈ ಪಟ್ಟಿ ಆ ಮಾತಿಗೆ ಚೆನ್ನಾಗೇ ಹೊಂದುತ್ತೆ. ಆದ್ರೆ ಮೂಲ ಶಾಪದಲ್ಲಿ ತಲೆಮಾರು ಬಿಟ್ಟು ಅನ್ನೋ ಮಾತೇ ಇಲ್ಲ. ನಡೆದಿದ್ದಕ್ಕೆ ಹೊಂದೋ ಹಂಗೆ ಶಾಪವನ್ನ ಆಮೇಲೆ ತಿದ್ಕೊಂಡಂಗಿದೆ. ಇನ್ನೊಂದು, ಇಲ್ಲಿ "ಮಕ್ಕಳು" ಅಂದ್ರೆ ಗಂಡುಮಕ್ಕಳು ಮಾತ್ರ. ಯದುವೀರರು ಜಯಚಾಮರಾಜರ ಮಗಳು ಗಾಯತ್ರಿ ದೇವಿಯವರ ಮೊಮ್ಮಗ. ಹೆಣ್ಣುಮಕ್ಕಳ ಕಡೆಯಿಂದ ಲೆಕ್ಕ ಹಾಕಿದ್ರೆ ವಂಶ ನಿಂತೇ ಇಲ್ಲ. ಅಲಮೇಲಮ್ಮನ ಹೆಸರಲ್ಲಿ ಹೆಣ್ಣುಮಕ್ಕಳನ್ನ ಲೆಕ್ಕದಿಂದ ಬಿಟ್ಟಿದ್ದು ನನಗೆ ಸ್ವಲ್ಪ ವಿಚಿತ್ರ ಅನ್ಸುತ್ತೆ.

ಅರಮನೆಯವರು ಅಲಮೇಲಮ್ಮನನ್ನ ಮರೆತಿಲ್ಲ ಅನ್ನೋದನ್ನೂ ಹೇಳಬೇಕು. ಅರಮನೆಯಲ್ಲಿ ಅವಳ ವಿಗ್ರಹ ಇದೆ, ಪೂಜೆ ಸಲ್ಲುತ್ತೆ. ಗೆದ್ದವರು ಸೋತವಳನ್ನ ದೇವರ ಮನೆಯಲ್ಲಿ ಕೂರಿಸ್ಕೊಂಡು ನೂರಾರು ವರ್ಷದಿಂದ ಕೈ ಮುಗೀತಿದ್ದಾರೆ. ಯಾವ ಹ್ಯಾಲೊವೀನ್ ಸಿನಿಮಾದಲ್ಲೂ ನಾನು ಇಂಥದ್ದು ನೋಡಿಲ್ಲ.

ಈ ವರ್ಷ ನಾನು ತಲಕಾಡಿಗೆ ಹೋಗಿದ್ದೆ, ಹಗಲಲ್ಲಿ. ನರಸೀಪುರದಿಂದ ಬಸ್ಸು. ಮರಳಿನ ಗುಡ್ಡದ ಮೇಲೆ ಈಗ ನೀಲಗಿರಿ ಮರಗಳಿವೆ, ಮರಳು ಹಾರದಿರಲಿ ಅಂತ. ಪಾತಾಳೇಶ್ವರ, ಮರುಳೇಶ್ವರ ಎಲ್ಲ ತಗ್ಗಿನಲ್ಲಿವೆ, ಮೆಟ್ಟಿಲಿಳಿದು ಹೋಗಬೇಕು. ಪಂಚಲಿಂಗ ದರ್ಶನದ ವರ್ಷ ಇಲ್ಲೆಲ್ಲ ಕಾಲಿಡೋಕೆ ಜಾಗ ಇರಲ್ಲ, ಕಳೆದ ಸಲ ಆಗಿದ್ದು 2020ರ ಡಿಸೆಂಬರಲ್ಲಿ. ನಾನು ಹೋದಾಗ ಹತ್ತು ಜನ ಇರಲಿಲ್ಲ. ಕೀರ್ತಿನಾರಾಯಣನ ಹತ್ರ ನಿಂತು ಸುತ್ತ ನೋಡಿದ್ರೆ ಮರಳಿನ ಮಟ್ಟ ನನ್ನ ತಲೆಗಿಂತ ಮೇಲೆ. ನಾನು ನಿಂತಿರೋದು ಸಾವಿರದ ನೂರನೇ ಇಸವಿಯ ನೆಲದ ಮೇಲೆ, ಆಚೆ ಎಳನೀರು ಮಾರ್ತಿರೋರು ಕೂತಿರೋದು ಇವತ್ತಿನ ನೆಲದ ಮೇಲೆ. ಭಯ ಆಗಲಿಲ್ಲ. ಸುಮ್ಮನೆ ಬಹಳ ಹೊತ್ತು ನಿಂತೆ. ಆಮೇಲೆ ನದಿ ಹತ್ರ ಹೋದೆ, ಮರಳಲ್ಲಿ ಚಪ್ಪಲಿ ಬಿಟ್ಟು ಕೂತೆ. ಎದುರಿಗೆ ಮಾಲಂಗಿ. ನೀರು ಅಷ್ಟು ಶಾಂತ ಇತ್ತು.

ಮನೆಗೆ ಬಂದು ಅಜ್ಜಿಗೆ ಈ ಸಂಚಿಕೆಯನ್ನ ಪೂರ್ತಿ ಕೇಳಿಸಿದೆ, ಒಳದಡ, ಹೊರದಡ, ಮಾಧವಮಂತ್ರಿ ಕಟ್ಟೆ ಎಲ್ಲಾ. ಕೊನೇ ತನಕ ಕೇಳಿ, ಒಂದೇ ಪ್ರಶ್ನೆ ಕೇಳಿದ್ರು.

"ನೀರಿಗಿಳಿದ್ಯಾ?"

"ಇಲ್ಲಜ್ಜಿ."

"ಸರಿ, ಕೈ ತೊಳ್ಕೊ ಬಾ. ಮುದ್ದೆ ಆರೋಯ್ತದೆ."